ಮಷಿನ್ ‘ಸೊನ್ನೆ’ ತೋರಿಸಿದರೆ ಹಳೆಯ ಎಚ್‌ಎಂಟಿ ವಾಚ್ ಸರಿಯಿದೆ ಎಂದರ್ಥವೇ?

ಹಳೆಯ ಎಚ್‌ಎಂಟಿ ವಾಚ್ ಮಾರಾಟದ ಫಾರ್ವರ್ಡ್‌ಗಳನ್ನು ನೀವೂ ನೋಡಿರಬಹುದು. ‘ಜನತಾ’ ಅಥವಾ ‘ಪೈಲಟ್’ ವಾಚಿನ ಫೋಟೋ, ಪಕ್ಕದಲ್ಲೇ ಒಂದು ಸಣ್ಣ ಎಲೆಕ್ಟ್ರಾನಿಕ್ ಮಷಿನಿನ ಪರದೆಯ ಫೋಟೋ. ಪರದೆಯ ಮೇಲೆ ಒಂದಿಷ್ಟು ಚುಕ್ಕೆಗಳು, ಮೂರ್ನಾಲ್ಕು ಅಂಕಿಗಳು. ಕೆಳಗೆ ಒಂದು ಸಾಲು: ‘ಮಷಿನ್‌ನಲ್ಲಿ ಚೆಕ್ ಮಾಡಲಾಗಿದೆ, ದಿನಕ್ಕೆ 0 ಸೆಕೆಂಡು ವ್ಯತ್ಯಾಸ, ಹೊಸದರಂತಿದೆ.’

ಪಾಲಬಾವಿಯಂಥ ಊರಿನಲ್ಲಿ ಕುಳಿತು ಇದನ್ನು ನೋಡುವವರ ಕೈಗೆ ಆ ವಾಚ್ ಸಿಗುವುದಿಲ್ಲ. ಕಿವಿಗೆ ಹಿಡಿದು ಟಿಕ್ ಟಿಕ್ ಕೇಳುವಂತಿಲ್ಲ, ಹಿಂದಿನ ಮುಚ್ಚಳ ತೆಗೆಸಿ ನೋಡುವಂತಿಲ್ಲ. ಕಣ್ಣ ಮುಂದಿರುವುದು ಆ ಫೋಟೋ ಒಂದೇ. ಅದನ್ನು ನಂಬಿ ಹಣ ಹಾಕುವವರಿದ್ದಾರೆ. ಇದಕ್ಕೆ ವಿರುದ್ಧವಾದ ತಪ್ಪೂ ನಡೆಯುತ್ತದೆ: ಮನೆಯಲ್ಲಿರುವ ಅಜ್ಜನ ವಾಚ್ ದಿನಕ್ಕೆ ಐದು ನಿಮಿಷ ಹಿಂದೆ ಬೀಳುತ್ತದೆ ಎಂದು, ‘ಇದರ ಆಯುಷ್ಯ ಮುಗಿಯಿತು’ ಎಂದುಕೊಂಡು ಸಿಕ್ಕಷ್ಟಕ್ಕೆ ಕೊಟ್ಟುಬಿಡುತ್ತಾರೆ.

ಹಾಗಾದರೆ ಈ ಮಷಿನ್ ಏನನ್ನು ಅಳೆಯುತ್ತದೆ? ಅದರ ‘ಸೊನ್ನೆ’ಯನ್ನು ಎಷ್ಟು ನಂಬಬೇಕು? ಮಷಿನ್ ಇಲ್ಲದವರು ಏನು ಮಾಡಬೇಕು?

ಚಿಕ್ಕ ಉತ್ತರ ಇಷ್ಟು. ಮಷಿನ್ ಸುಳ್ಳು ಹೇಳುವುದಿಲ್ಲ. ಆದರೆ ಅದು ಹೇಳುವುದು ಕೆಲವೇ ಸೆಕೆಂಡುಗಳ, ಒಂದೇ ಭಂಗಿಯ ಲೆಕ್ಕ. ಒಮ್ಮೆ ಮಾತ್ರ ಬಿ.ಪಿ. ನೋಡಿ ಮನುಷ್ಯನ ಆರೋಗ್ಯ ಪೂರ್ತಿ ಸರಿಯಿದೆ ಎಂದು ಹೇಳಲಾಗದು ಅಲ್ಲವೇ? ಇದೂ ಹಾಗೆಯೇ.

ಚಾವಿ ಕೊಡುವ ವಾಚ್ ಓಡುವುದು ಹೇಗೆ?

ಮೊದಲು ಸ್ವಲ್ಪ ಹಿನ್ನೆಲೆ. ಬೆಂಗಳೂರಿನ ಎಚ್‌ಎಂಟಿ, ಅಂದರೆ ಹಿಂದೂಸ್ತಾನ್ ಮಷಿನ್ ಟೂಲ್ಸ್, ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ 1961ರಲ್ಲಿ ಕೈಗಡಿಯಾರದ ಕಾರ್ಖಾನೆ ತೆರೆಯಿತು. 1978ರಲ್ಲಿ ತುಮಕೂರಿನಲ್ಲೂ ಕಾರ್ಖಾನೆ ಬಂತು. ಮುಂದೆ ಬ್ಯಾಟರಿ ವಾಚುಗಳ ಪೈಪೋಟಿಯಲ್ಲಿ ಕಂಪನಿ ಸೊರಗಿತು. 2016ರ ಜನವರಿಯಲ್ಲಿ ಎಚ್‌ಎಂಟಿ ವಾಚಸ್ ಕಂಪನಿಯನ್ನು ಮುಚ್ಚಲು ಕೇಂದ್ರ ಸರ್ಕಾರ ಒಪ್ಪಿಗೆ ಕೊಟ್ಟಿತು. ಅಲ್ಲಿಂದೀಚೆಗೆ ಹಳೆಯ ಎಚ್‌ಎಂಟಿಗಳಿಗೆ ಬೇಡಿಕೆ ಹೆಚ್ಚಿದೆ. ಬೇಡಿಕೆಯ ಜೊತೆಗೆ ಬಣ್ಣ ಬಳಿದ ಡಯಲ್, ಬೇರೆ ಬೇರೆ ವಾಚುಗಳ ಭಾಗ ಸೇರಿಸಿ ಕಟ್ಟಿದ ವಾಚುಗಳೂ ಮಾರುಕಟ್ಟೆಗೆ ಬಂದಿವೆ.

ಜನತಾ, ಪೈಲಟ್‌ನಂಥ ಚಾವಿ ಕೊಡುವ ವಾಚಿನಲ್ಲಿ ಬ್ಯಾಟರಿ ಇರುವುದಿಲ್ಲ. ಚಾವಿ ಕೊಟ್ಟಾಗ ಒಳಗಿನ ಮುಖ್ಯ ಸ್ಪ್ರಿಂಗ್ ಸುತ್ತಿಕೊಳ್ಳುತ್ತದೆ. ಅದು ನಿಧಾನವಾಗಿ ಬಿಚ್ಚಿಕೊಳ್ಳುತ್ತಾ ಹಲ್ಲಿನ ಚಕ್ರಗಳನ್ನು ತಿರುಗಿಸುತ್ತದೆ. ಆದರೆ ಒಂದೇ ಸಮನೆ ಬಿಚ್ಚಿಕೊಂಡರೆ ಕ್ಷಣದಲ್ಲಿ ಎಲ್ಲ ಮುಗಿದುಹೋಗುತ್ತದೆ. ಅದನ್ನು ತಡೆದು ತಡೆದು ಬಿಡಲು ಬ್ಯಾಲೆನ್ಸ್ ಚಕ್ರ ಎಂಬ ಪುಟ್ಟ ಚಕ್ರವಿದೆ. ಕೂದಲೆಳೆಯಷ್ಟು ತೆಳುವಾದ ಹೇರ್‌ಸ್ಪ್ರಿಂಗ್ ಅದನ್ನು ಎಡಕ್ಕೂ ಬಲಕ್ಕೂ ತೂಗಿಸುತ್ತದೆ. ಜೋಕಾಲಿ ಹೋಗಿ ಬರುವ ಹಾಗೆ. ಪ್ರತಿ ತೂಗಾಟಕ್ಕೆ ಒಂದು ಹಲ್ಲು ಮುಂದಕ್ಕೆ ಸರಿಯಲು ಬಿಡುಗಡೆ. ಆ ಬಿಡುಗಡೆಯ ಸದ್ದೇ ‘ಟಿಕ್’.

ಎಚ್‌ಎಂಟಿಯ ಈ ಮಾದರಿಗಳು ಗಂಟೆಗೆ 18,000 ಬಾರಿ ಟಿಕ್ ಎನ್ನುತ್ತವೆ. ಸೆಕೆಂಡಿಗೆ 5, ದಿನಕ್ಕೆ 4,32,000. ದಿನದಲ್ಲಿ 86,400 ಸೆಕೆಂಡುಗಳಿವೆ. ನಿಮ್ಮ ವಾಚ್ ದಿನಕ್ಕೆ 30 ಸೆಕೆಂಡು ತಪ್ಪಿದರೂ ಅದು ಶೇ 99.96ಕ್ಕಿಂತ ಹೆಚ್ಚು ಸರಿ. ಶೇ 99.9 ಸರಿ ಎಂದರೆ ವಾಚಿನ ಲೆಕ್ಕದಲ್ಲಿ ದಿನಕ್ಕೆ 86 ಸೆಕೆಂಡು ತಪ್ಪು. ಅಂದಮೇಲೆ ‘ದಿನಕ್ಕೆ ಅರ್ಧ ನಿಮಿಷ ಹೆಚ್ಚುಕಮ್ಮಿ’ ಎನ್ನುವ ಹಳೆಯ ವಾಚನ್ನು ಕೆಟ್ಟುಹೋಗಿದೆ ಎನ್ನುವುದು ಅನ್ಯಾಯ.

ಮಷಿನ್ ಏನು ಮಾಡುತ್ತದೆ?

ಈ ಉಪಕರಣಕ್ಕೆ ಟೈಮ್‌ಗ್ರಾಫರ್ ಎನ್ನುತ್ತಾರೆ. ಇದು ವಾಚಿನ ಮುಳ್ಳುಗಳನ್ನು ನೋಡುವುದೇ ಇಲ್ಲ! ವಾಚನ್ನು ಕಚ್ಚಿ ಹಿಡಿಯುವ ಸ್ಟ್ಯಾಂಡಿನಲ್ಲಿ ಒಂದು ಮೈಕ್ ಇರುತ್ತದೆ. ಅದು ಟಿಕ್ ಸದ್ದಿನ ಕಂಪನವನ್ನು ಹಿಡಿಯುತ್ತದೆ. ಮಷಿನ್ ಒಳಗಿನ ಕ್ವಾರ್ಟ್ಜ್ ಹರಳಿನ ಗಡಿಯಾರದೊಂದಿಗೆ ಪ್ರತಿ ಟಿಕ್ಕನ್ನು ಹೋಲಿಸಲಾಗುತ್ತದೆ. ಟಿಕ್ ಬರಬೇಕಾದ ಹೊತ್ತಿಗಿಂತ ಮೊದಲೇ ಬಂದರೆ ವಾಚ್ ಫಾಸ್ಟ್, ತಡವಾಗಿ ಬಂದರೆ ಸ್ಲೋ. ಹಿಂದೆ ಇಂಥ ಯಂತ್ರಗಳು ಕಾಗದದ ಪಟ್ಟಿಯ ಮೇಲೆ ಚುಕ್ಕೆ ಹಾಕುತ್ತಿದ್ದವು. ಈಗ ಚುಕ್ಕೆಗಳು ಪರದೆಯ ಮೇಲೆ ಬರುತ್ತವೆ.

ಚುಕ್ಕೆಗಳ ಸಾಲು ಮಟ್ಟವಾಗಿದ್ದರೆ ವಾಚ್ ಸರಿಯಾದ ವೇಗದಲ್ಲಿದೆ. ಸಾಲು ಮೇಲಕ್ಕೆ ಏರಿದರೆ ಫಾಸ್ಟ್, ಕೆಳಕ್ಕೆ ಇಳಿದರೆ ಸ್ಲೋ. ಚುಕ್ಕೆಗಳು ಸಾಲಾಗಿ ನಿಲ್ಲದೆ ಚೆಲ್ಲಾಪಿಲ್ಲಿ ಆಗಿದ್ದರೆ ಒಳಗೆ ಕೊಳೆ, ಸವೆತ ಅಥವಾ ಬೇರೇನೋ ತೊಂದರೆ ಇರಬಹುದು. ಸುತ್ತಲಿನ ಗದ್ದಲದಿಂದಲೂ ಹೀಗಾಗುತ್ತದೆ.

ಪರದೆಯ ಮೇಲೆ ಮುಖ್ಯವಾಗಿ ಮೂರು ಅಂಕಿಗಳಿರುತ್ತವೆ.

1. ರೇಟ್. ದಿನಕ್ಕೆ ಎಷ್ಟು ಸೆಕೆಂಡು ಮುಂದೆ ಅಥವಾ ಹಿಂದೆ ಎಂಬ ಅಂದಾಜು. +10 ಎಂದರೆ ಇದೇ ವೇಗದಲ್ಲಿ ಓಡಿದರೆ ದಿನಕ್ಕೆ 10 ಸೆಕೆಂಡು ಮುಂದೆ.

2. ಆ್ಯಂಪ್ಲಿಟ್ಯೂಡ್. ಬ್ಯಾಲೆನ್ಸ್ ಚಕ್ರ ನಡುವಿನಿಂದ ಒಂದು ಬದಿಗೆ ಎಷ್ಟು ಡಿಗ್ರಿ ತಿರುಗುತ್ತದೆ ಎಂಬುದು. ಜೋಕಾಲಿ ಎಷ್ಟು ದೂರ ಹೋಗುತ್ತದೆ ಎಂದುಕೊಳ್ಳಿ. ಪೂರ್ತಿ ಚಾವಿ ಕೊಟ್ಟು ಮಲಗಿಸಿಟ್ಟ ಆರೋಗ್ಯವಂತ ವಾಚಿನಲ್ಲಿ ಇದು ಸಾಮಾನ್ಯವಾಗಿ 270ರಿಂದ 310 ಡಿಗ್ರಿ. ಹಳೆಯ ವಾಚಿನಲ್ಲಿ 250ರ ಆಸುಪಾಸು ಇದ್ದರೂ ನಡೆಯುತ್ತದೆ. 200ಕ್ಕಿಂತ ಕೆಳಗೆ ಬಂದರೆ ಸರ್ವಿಸ್ ಬೇಕು ಎಂದೇ ಅರ್ಥ.

3. ಬೀಟ್ ಎರರ್. ‘ಟಿಕ್’ನಿಂದ ‘ಟಾಕ್’ವರೆಗಿನ ಹೊತ್ತು, ‘ಟಾಕ್’ನಿಂದ ‘ಟಿಕ್’ವರೆಗಿನ ಹೊತ್ತು ಎರಡೂ ಸಮ ಇರಬೇಕು. ಎಚ್‌ಎಂಟಿಯಲ್ಲಿ ತಲಾ 200 ಮಿಲಿಸೆಕೆಂಡ್. ಒಂದು 203, ಇನ್ನೊಂದು 197 ಆದರೆ ಮಷಿನ್ 3 ಎಂದು ತೋರಿಸುತ್ತದೆ. 1 ಮಿಲಿಸೆಕೆಂಡ್ ಒಳಗಿದ್ದರೆ ಒಳ್ಳೆಯದು. ಹೆಚ್ಚಿದ್ದರೆ ಜೋಕಾಲಿ ಒಂದು ಕಡೆಗೆ ವಾಲಿದಂತೆ. ನಿಂತ ವಾಚ್ ಚಾವಿ ಕೊಟ್ಟ ಕೂಡಲೇ ತಾನಾಗಿ ಶುರುವಾಗಲು ತಿಣುಕಾಡಬಹುದು.

ಈ ಉದಾಹರಣೆಯನ್ನು ಇನ್ನೊಮ್ಮೆ ನೋಡಿ. 203 ಮತ್ತು 197 ಕೂಡಿದರೆ 400. 200 ಮತ್ತು 200 ಕೂಡಿದರೂ 400. ಅಂದರೆ ವಾಲಿಕೊಂಡೇ ತೂಗುವ ವಾಚಿನ ರೇಟ್ ಕೂಡ ‘0’ ಬರಬಹುದು! ಮೊದಲ ಅಂಕಿಯನ್ನಷ್ಟೇ ನೋಡಿದರೆ ಈ ದೋಷ ಕಾಣುವುದೇ ಇಲ್ಲ.

‘ಸೊನ್ನೆ’ ಹೇಗೆ ದಾರಿ ತಪ್ಪಿಸುತ್ತದೆ?

*ಒಂದು, ಅದು ಕೆಲವೇ ಸೆಕೆಂಡುಗಳ ಲೆಕ್ಕ.* ಮಷಿನ್ ದಿನವಿಡೀ ಕಾಯುವುದಿಲ್ಲ. ಉದಾಹರಣೆಗೆ 20 ಸೆಕೆಂಡು ಕೇಳಿ, ಅದನ್ನು 24 ಗಂಟೆಗೆ ಹಿಗ್ಗಿಸುತ್ತದೆ. ದಿನಕ್ಕೆ 1 ಸೆಕೆಂಡಿನ ವ್ಯತ್ಯಾಸ ಎಂದರೆ 20 ಸೆಕೆಂಡಿನಲ್ಲಿ ಸುಮಾರು 0.23 ಮಿಲಿಸೆಕೆಂಡ್ ಮಾತ್ರ. ಅಷ್ಟು ಸೂಕ್ಷ್ಮವನ್ನು ಹಿಡಿಯುವುದು ಮಷಿನಿನ ಹೆಚ್ಚುಗಾರಿಕೆ. ಆದರೆ ಚಾವಿ ಪೂರ್ತಿ ಇರುವಾಗಿನ ಓಟ, 20 ಗಂಟೆ ಕಳೆದು ಸ್ಪ್ರಿಂಗ್ ಸಡಿಲವಾದಾಗಿನ ಓಟ ಒಂದೇ ಇರುವುದಿಲ್ಲ. ತೂಗಾಟ ಕಿರಿದಾದಂತೆ ವೇಗವೂ ಬದಲಾಗುತ್ತದೆ. ಬೆಳಗ್ಗೆ ತೆಗೆದ ಫೋಟೋದಲ್ಲಿ ನಡುರಾತ್ರಿಯ ಓಟ ಇರುವುದಿಲ್ಲ.

*ಎರಡು, ಅದು ಒಂದೇ ಭಂಗಿಯ ಲೆಕ್ಕ.* ವಾಚನ್ನು ಮಲಗಿಸಿದಾಗ ಒಂದು ವೇಗ, ನಿಲ್ಲಿಸಿದಾಗ ಇನ್ನೊಂದು. ಬ್ಯಾಲೆನ್ಸ್ ಚಕ್ರದ ತೂಕ ಎಲ್ಲೆಡೆ ಪೂರ್ತಿ ಸಮ ಇರುವುದಿಲ್ಲ, ಅಚ್ಚಿನ ಮೇಲಿನ ಉಜ್ಜಾಟವೂ ಭಂಗಿಗೆ ತಕ್ಕಂತೆ ಬದಲಾಗುತ್ತದೆ. ಡಯಲ್ ಮೇಲಾಗಿ ಮಲಗಿಸಿದಾಗ 0 ತೋರಿಸುವ ವಾಚ್, ಚಾವಿಯ ಗುಂಡಿ ಕೆಳಗಾಗಿ ನಿಲ್ಲಿಸಿದಾಗ −40 ತೋರಿಸಬಹುದು. ಕೈ ಇಳಿಬಿಟ್ಟು ನಡೆಯುವಾಗ, ಬೈಕ್ ಓಡಿಸುವಾಗ ವಾಚ್ ಮಲಗಿರುವುದಿಲ್ಲ. ಸ್ವಿಟ್ಜರ್ಲೆಂಡಿನಲ್ಲಿ ಕ್ರೋನೋಮೀಟರ್ ಪ್ರಮಾಣಪತ್ರ ಕೊಡುವ ಸಿಒಎಸ್‌ಸಿ ಸಂಸ್ಥೆ ವಾಚಿನ ಯಂತ್ರಗಳನ್ನು 15 ದಿನ, 5 ಭಂಗಿಗಳಲ್ಲಿ, 8, 23 ಮತ್ತು 38 ಡಿಗ್ರಿ ಸೆಲ್ಸಿಯಸ್ ತಾಪಮಾನದಲ್ಲಿ ಪರೀಕ್ಷಿಸುತ್ತದೆ. ಸರಾಸರಿ ರೇಟ್ ದಿನಕ್ಕೆ −4ರಿಂದ +6 ಸೆಕೆಂಡಿನೊಳಗೆ ಇರಬೇಕು. ಅಷ್ಟು ದುಬಾರಿ ವಾಚುಗಳಿಗೂ ಅಲ್ಲಿ ‘0’ ಕಡ್ಡಾಯವಲ್ಲ!

*ಮೂರು, ಸೊನ್ನೆಯನ್ನು ತಂದು ನಿಲ್ಲಿಸಬಹುದು.* ವಾಚಿನ ಒಳಗೆ ವೇಗ ಹೆಚ್ಚುಕಮ್ಮಿ ಮಾಡುವ ಒಂದು ಸಣ್ಣ ಕಡ್ಡಿ ಇರುತ್ತದೆ. ಅದನ್ನು ಸರಿಸಿದರೆ ಹೇರ್‌ಸ್ಪ್ರಿಂಗಿನ ಕೆಲಸ ಮಾಡುವ ಉದ್ದ ಬದಲಾಗಿ ರೇಟ್ ಬದಲಾಗುತ್ತದೆ. ಒಳಗೆ ಎಣ್ಣೆ ಒಣಗಿ, ಕೊಳೆ ಕಟ್ಟಿ, ತೂಗಾಟ 180 ಡಿಗ್ರಿಗೆ ಇಳಿದ ವಾಚನ್ನೂ ಈ ಕಡ್ಡಿ ಸರಿಸಿ ಮಷಿನ್ ಮುಂದೆ ಕೆಲ ನಿಮಿಷ ‘0’ ತೋರಿಸುವಂತೆ ಮಾಡಬಹುದು. ಜ್ವರ ಇರುವಾಗ ಥರ್ಮಾಮೀಟರ್ ಇಡುವ ಮುನ್ನ ತಣ್ಣೀರು ಕುಡಿದ ಹಾಗೆ. ಅಂಕಿ ಇಳಿಯಿತು, ಕಾಯಿಲೆ ಹಾಗೇ ಇದೆ.

*ನಾಲ್ಕು, ಮಷಿನ್‌ಗೆ ಕೊಟ್ಟ ಮಾಹಿತಿ ಸರಿಯಿರಬೇಕು.* ಪ್ರತಿ ಟಿಕ್ಕಿನೊಳಗೆ ಮೂರು ಸಣ್ಣ ಸದ್ದುಗಳಿವೆ. ಮೊದಲ ಮತ್ತು ಕೊನೆಯ ಸದ್ದಿನ ನಡುವಿನ ಹೊತ್ತಿನಿಂದ ಆ್ಯಂಪ್ಲಿಟ್ಯೂಡ್ ಲೆಕ್ಕ ಹಾಕುತ್ತಾರೆ. ಈ ಲೆಕ್ಕಕ್ಕೆ ‘ಲಿಫ್ಟ್ ಆ್ಯಂಗಲ್’ ಎಂಬ ಕೋನ ಗೊತ್ತಿರಬೇಕು. ಅದು ವಾಚಿನ ಯಂತ್ರದಿಂದ ಯಂತ್ರಕ್ಕೆ ಬೇರೆ. ಅನೇಕ ಮಷಿನ್‌ಗಳಲ್ಲಿ ಮೊದಲೇ 52 ಡಿಗ್ರಿ ಇಟ್ಟಿರುತ್ತಾರೆ. ನಿಜವಾದ ಕೋನ 48 ಇದ್ದು 52 ಎಂದೇ ಬಿಟ್ಟರೆ, 240 ಡಿಗ್ರಿ ತೂಗುವ ವಾಚ್ 260ರಂತೆ ಕಾಣುತ್ತದೆ. ರೇಟ್ ಮಾತ್ರ ಇದರಿಂದ ಬದಲಾಗುವುದಿಲ್ಲ.

ಇನ್ನು ಆ ಫೋಟೋದಲ್ಲಿರುವ ಅಂಕಿ ಮಾರುವ ವಾಚಿನದ್ದೇ ಎಂಬುದಕ್ಕೆ ಖಾತ್ರಿ ಏನು? ವಾಚ್ ಮತ್ತು ಪರದೆ ಎರಡೂ ಒಂದೇ ಚೌಕಟ್ಟಿನಲ್ಲಿ ಇರದ ಫೋಟೋಗೆ ಪುರಾವೆಯ ಬೆಲೆ ಇಲ್ಲ.

ಇದೇ ವಿಷಯದ ಬೇರೆ ಫಾರ್ವರ್ಡ್‌ಗಳು

*‘ಮೊಬೈಲ್ ಪಕ್ಕ ಇಟ್ಟರೆ ರೇಡಿಯೇಷನ್‌ನಿಂದ ವಾಚ್ ಹಾಳಾಗುತ್ತದೆ.’* ಅರ್ಧ ಸತ್ಯ. ಕಾರಣ ರೇಡಿಯೇಷನ್ ಅಲ್ಲ, ಅಯಸ್ಕಾಂತ. ಫೋನಿನ ಸ್ಪೀಕರ್, ಮಡಚುವ ಕವರಿನ ಬಟನ್, ಬ್ಲೂಟೂತ್ ಸ್ಪೀಕರ್, ಕೆಲವು ಫೋನ್ ಮತ್ತು ಚಾರ್ಜರ್‌ಗಳ ಹಿಂಬದಿ, ಇವುಗಳಲ್ಲಿ ಅಯಸ್ಕಾಂತ ಇರುತ್ತದೆ. ಹೇರ್‌ಸ್ಪ್ರಿಂಗ್ ಅಯಸ್ಕಾಂತಗೊಂಡರೆ ಅದರ ಸುರುಳಿಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಆಗ ಸ್ಪ್ರಿಂಗ್ ಗಿಡ್ಡವಾದಂತಾಗಿ ವಾಚ್ ದಿನಕ್ಕೆ ನಿಮಿಷಗಟ್ಟಲೆ ಫಾಸ್ಟ್ ಓಡಬಹುದು. ಚೆನ್ನಾಗಿದ್ದ ವಾಚ್ ಇದ್ದಕ್ಕಿದ್ದಂತೆ ಫಾಸ್ಟ್ ಆದರೆ ಮೊದಲು ಇದನ್ನೇ ಅನುಮಾನಿಸಿ. ದಿಕ್ಸೂಚಿಯ ಬಳಿ ತಂದಾಗ ಮುಳ್ಳು ಜೋರಾಗಿ ಅಲ್ಲಾಡಿದರೆ ಅನುಮಾನ ಬಲವಾಗುತ್ತದೆ. ರಿಪೇರಿಯವರ ಬಳಿ ಡಿಮ್ಯಾಗ್ನೆಟೈಸರ್ ಇದ್ದರೆ ಕೆಲವೇ ಸೆಕೆಂಡುಗಳಲ್ಲಿ ಅಯಸ್ಕಾಂತ ತೆಗೆಯುತ್ತಾರೆ. ಶಾಶ್ವತವಾಗಿ ‘ಹಾಳಾಗುವ’ ಮಾತು ಬಹುಪಾಲು ಸುಳ್ಳು.

*‘ಮಷಿನ್ ಬೇಡ, ಫೋನ್ ಆ್ಯಪ್ ಸಾಕು.’* ಫೋನಿನ ಮೈಕ್ ಬಳಸಿ ಟಿಕ್ ಕೇಳುವ ಆ್ಯಪ್‌ಗಳು ನಿಜಕ್ಕೂ ಇವೆ. ನಿಶ್ಶಬ್ದ ಕೋಣೆಯಲ್ಲಿ, ಟಿಕ್ ಗಟ್ಟಿಯಾಗಿರುವ ವಾಚಿಗೆ ರೇಟ್ ಒಂದು ಮಟ್ಟಿಗೆ ಸರಿಯಾಗಿಯೇ ಬರುತ್ತದೆ. ಆದರೆ ಫೋನ್ ಸದ್ದು ಅಳೆಯಲು ಬಳಸುವ ಒಳಗಿನ ಗಡಿಯಾರದಲ್ಲೂ ತಪ್ಪಿರುತ್ತದೆ. ಹತ್ತು ಲಕ್ಷಕ್ಕೆ 20 ಭಾಗ ತಪ್ಪಿದ್ದರೆ ದಿನಕ್ಕೆ ಸುಮಾರು 1.7 ಸೆಕೆಂಡಿನ ವ್ಯತ್ಯಾಸ. ರೇಟ್‌ಗೆ ಇದು ದೊಡ್ಡದಲ್ಲ. ಟಿಕ್ಕಿನ ಒಳಗಿನ ಮೂರು ಸದ್ದುಗಳನ್ನು ಬೇರೆ ಮಾಡುವಾಗ ಫೋನ್ ಎಡವುತ್ತದೆ; ಹಾಗಾಗಿ ಆ್ಯಪ್‌ನ ಆ್ಯಂಪ್ಲಿಟ್ಯೂಡನ್ನು ಪೂರ್ತಿ ನಂಬಬೇಡಿ.

*‘ಸ್ಲೋ ಆದರೆ ಒಂದು ಹನಿ ಕೊಬ್ಬರಿ ಎಣ್ಣೆ ಅಥವಾ ಸೀಮೆಎಣ್ಣೆ ಬಿಡಿ.’* ತಪ್ಪು. ವಾಚಿಗೆ ಬಳಸುವ ಎಣ್ಣೆ ಬೇರೆ, ಅದನ್ನು ಹಾಕುವುದೂ ಸೂಜಿಮೊನೆಯಷ್ಟು, ಹಾಕಬೇಕಾದ ಜಾಗದಲ್ಲಿ ಮಾತ್ರ. ಅಡುಗೆಮನೆಯ ಎಣ್ಣೆ ಹೇರ್‌ಸ್ಪ್ರಿಂಗ್ ಮೇಲೆ ಹರಿದರೆ ಸುರುಳಿಗಳು ಅಂಟಿಕೊಂಡು ಓಟ ಇನ್ನಷ್ಟು ಕೆಡುತ್ತದೆ. ದಿನ ಕಳೆದಂತೆ ಅದು ಜಿಗುಟಾಗಿ ಧೂಳು ಹಿಡಿಯುತ್ತದೆ.

*‘ದಿನಾ ಒಂದೇ ಹೊತ್ತಿಗೆ ಚಾವಿ ಕೊಡಬೇಕು.’* ಹಿರಿಯರ ಈ ಮಾತು ಸರಿ. ಒಂದೇ ಹೊತ್ತಿಗೆ ಚಾವಿ ಕೊಟ್ಟರೆ ಸ್ಪ್ರಿಂಗಿನ ಬಲ ಪ್ರತಿದಿನ ಒಂದೇ ರೀತಿ ಏರಿ ಇಳಿಯುತ್ತದೆ. ತಪ್ಪು ಇದ್ದರೂ ದಿನಾ ಒಂದೇ ಅಳತೆಯಲ್ಲಿರುತ್ತದೆ.

ಮಷಿನ್ ಇಲ್ಲದೆ ಅಳೆಯುವುದು ಹೇಗೆ?

ಎಲ್ಲ ಊರಿನ ವಾಚ್ ರಿಪೇರಿ ಅಂಗಡಿಯಲ್ಲೂ ಟೈಮ್‌ಗ್ರಾಫರ್ ಇರುವುದಿಲ್ಲ. ಹಿಂದೆ ಆಕಾಶವಾಣಿಯ ವಾರ್ತೆಗೆ ಮುಂಚಿನ ‘ಪಿಪ್’ ಸದ್ದಿಗೆ ವಾಚ್ ಹೊಂದಿಸುತ್ತಿದ್ದರು. ಇಂದು ಪ್ರತಿ ಕೈಯಲ್ಲೂ ಫೋನ್ ಇದೆ. ಪಾಲಬಾವಿಯಲ್ಲಾಗಲಿ ಬೆಂಗಳೂರಿನಲ್ಲಾಗಲಿ ಈ ಪರೀಕ್ಷೆಗೆ ಖರ್ಚಿಲ್ಲ.

1. ಫೋನಿನ ಸೆಟ್ಟಿಂಗ್ಸ್‌ನಲ್ಲಿ ದಿನಾಂಕ ಮತ್ತು ಸಮಯ ‘ಆಟೊಮ್ಯಾಟಿಕ್’ ಇರಲಿ. ಸೆಕೆಂಡು ತೋರಿಸುವ ಗಡಿಯಾರ ತೆರೆಯಿರಿ. ಟಿ.ವಿ. ಅಥವಾ ಯೂಟ್ಯೂಬ್ ಲೈವ್‌ನ ಸಮಯ ಬಳಸಬೇಡಿ. ಅದು ಹಲವು ಸೆಕೆಂಡು ತಡವಾಗಿ ತಲುಪುತ್ತದೆ.

2. ಬೆಳಗ್ಗೆ 7ಕ್ಕೆ ಪೂರ್ತಿ ಚಾವಿ ಕೊಡಿ. ಬಿಗಿಯಾದ ಕೂಡಲೇ ನಿಲ್ಲಿಸಿ, ಒತ್ತಾಯ ಮಾಡಬೇಡಿ.

3. ವಾಚನ್ನು ಫೋನಿನಿಂದ ಒಂದು ಗೇಣು ದೂರ ಇಟ್ಟು, ಇನ್ನೊಂದು ಫೋನಿನಿಂದ ಎರಡನ್ನೂ ಒಟ್ಟಿಗೆ ಹತ್ತು ಸೆಕೆಂಡು ವಿಡಿಯೊ ತೆಗೆಯಿರಿ. ವಿಡಿಯೊ ನಿಲ್ಲಿಸಿ ನೋಡಿದರೆ ವ್ಯತ್ಯಾಸ ಸ್ಪಷ್ಟ. ‘ವಾಚ್ 4 ಸೆಕೆಂಡು ಮುಂದೆ’ ಎಂದು ಬರೆದಿಡಿ.

4. ಮರುದಿನ ಬೆಳಗ್ಗೆ 7ಕ್ಕೆ, ಚಾವಿ ಕೊಡುವ ಮೊದಲು, ಮತ್ತೆ ನೋಡಿ. ಈಗ 16 ಸೆಕೆಂಡು ಮುಂದೆ ಇದ್ದರೆ ದಿನದ ರೇಟ್ +12. ಮೊದಲ ದಿನದ 4 ಸೆಕೆಂಡು ಕಳೆಯಲು ಮರೆಯಬೇಡಿ.

5. ಸಮಯ ಮತ್ತೆ ಹೊಂದಿಸದೆ 7 ದಿನ ಹೀಗೆ ಮಾಡಿ. ಒಟ್ಟು ವ್ಯತ್ಯಾಸವನ್ನು 7ರಿಂದ ಭಾಗಿಸಿ. ಓದುವಾಗ ಒಂದು ಸೆಕೆಂಡು ತಪ್ಪಾದರೂ ಸರಾಸರಿಯಲ್ಲಿ ಅದು ಕರಗುತ್ತದೆ.

ಫಲಿತಾಂಶವನ್ನು ಹೀಗೆ ಓದಿ. ದಿನಕ್ಕೆ 30 ಸೆಕೆಂಡಿನೊಳಗೆ, ಪ್ರತಿದಿನ ಹೆಚ್ಚುಕಡಿಮೆ ಒಂದೇ ಅಳತೆ ಇದ್ದರೆ ಹಳೆಯ ವಾಚಿಗೆ ಅದು ಒಳ್ಳೆಯ ಆರೋಗ್ಯ. ದಿನಕ್ಕೆ ಒಂದೆರಡು ನಿಮಿಷ, ಆದರೆ ಪ್ರತಿದಿನ ಅಷ್ಟೇ ಎಂದರೆ ಬಹುಶಃ ವೇಗದ ಕಡ್ಡಿ ಹೊಂದಿಸಿದರೆ ಸರಿಹೋಗುತ್ತದೆ. ಒಂದು ದಿನ +10, ಮರುದಿನ −50, ಇನ್ನೊಂದು ದಿನ ನಿಂತೇ ಹೋಯಿತು ಎಂದರೆ ಬಿಚ್ಚಿ, ತೊಳೆದು, ಎಣ್ಣೆ ಹಾಕುವ ಸರ್ವಿಸ್ ಬೇಕು. ಒಂದು ವಾಚಿನ ಗುಣ ಅದರ ತಪ್ಪು ಎಷ್ಟು ಎನ್ನುವುದಕ್ಕಿಂತ, ಆ ತಪ್ಪು ದಿನಾ ಒಂದೇ ಇದೆಯೇ ಎನ್ನುವುದರಲ್ಲಿದೆ.

ಭಂಗಿಯ ವ್ಯತ್ಯಾಸವನ್ನೂ ಉಪಯೋಗಕ್ಕೆ ತಂದುಕೊಳ್ಳಬಹುದು. ಹಗಲಿನಲ್ಲಿ ಸ್ವಲ್ಪ ಫಾಸ್ಟ್ ಇರುವ ವಾಚನ್ನು ರಾತ್ರಿ ಯಾವ ಭಂಗಿಯಲ್ಲಿ ಇಟ್ಟರೆ ಸ್ಲೋ ಆಗುತ್ತದೆ ಎಂದು ಕೆಲವು ದಿನ ನೋಡಿ. ಹಾಗೇ ಇಟ್ಟರೆ ಬೆಳಗಾಗುವಷ್ಟರಲ್ಲಿ ಲೆಕ್ಕ ಸರಿಹೋಗುತ್ತದೆ.

ಕೊಳ್ಳುವ ಮುನ್ನ ಕೇಳಬೇಕಾದವು

ಈ ಸಾಲುಗಳನ್ನು ಹಾಗೆಯೇ ನಕಲು ಮಾಡಿ ಮಾರುವವರಿಗೆ ಕಳುಹಿಸಬಹುದು:

- ವಾಚ್ ಮತ್ತು ಮಷಿನ್ ಪರದೆ ಎರಡೂ ಒಟ್ಟಿಗೆ ಕಾಣುವ, ಕನಿಷ್ಠ ಒಂದು ನಿಮಿಷದ ವಿಡಿಯೊ ಕಳುಹಿಸಿ.
- ಮಲಗಿಸಿ ಒಮ್ಮೆ, ಚಾವಿಯ ಗುಂಡಿ ಕೆಳಗಾಗಿ ನಿಲ್ಲಿಸಿ ಒಮ್ಮೆ ತೋರಿಸಿ.
- ರೇಟ್, ಆ್ಯಂಪ್ಲಿಟ್ಯೂಡ್, ಬೀಟ್ ಎರರ್ ಮೂರೂ ಕಾಣಬೇಕು. ಲಿಫ್ಟ್ ಆ್ಯಂಗಲ್ ಎಷ್ಟು ಇಟ್ಟಿದ್ದೀರಿ?
- ಹಿಂದಿನ ಮುಚ್ಚಳ ತೆಗೆದ ಫೋಟೋ ಬೇಕು. ಯಾವ ಭಾಗಗಳನ್ನು ಬದಲಿಸಿದ್ದೀರಿ? ಡಯಲ್‌ಗೆ ಹೊಸದಾಗಿ ಬಣ್ಣ ಹಾಕಿದ್ದೀರಾ?

ಡಯಲ್ ಅಸಲಿಯೇ, ಭಾಗಗಳು ಅದೇ ವಾಚಿನವೇ ಎಂಬುದನ್ನು ಯಾವ ಟೈಮ್‌ಗ್ರಾಫರ್ ಕೂಡ ಹೇಳಲಾರದು. ಅದಕ್ಕೆ ಕೇಳಿಸುವುದು ಟಿಕ್ ಮಾತ್ರ.

ಮನೆಯ ಹಳೆಯ ವಾಚನ್ನು ರಿಪೇರಿಗೆ ಕೊಡುವಾಗಲೂ ಒಂದು ಮಾತು ನೆನಪಿಡಿ. ‘ಒಳಗಿನ ಮಷಿನ್ ಬದಲಿಸಬೇಕು’ ಅಥವಾ ‘ಬ್ಯಾಟರಿ ಮಷಿನ್ ಹಾಕಿಸಿ’ ಎಂದರೆ ಕೂಡಲೇ ಒಪ್ಪಬೇಡಿ. ಮೊದಲು ಏಳು ದಿನದ ಪಟ್ಟಿ ತೋರಿಸಿ, ಅಯಸ್ಕಾಂತ ಹಿಡಿದಿದೆಯೇ, ಬರೀ ಸರ್ವಿಸ್ ಸಾಕೇ ಎಂದು ಕೇಳಿ. ಬದಲಿಸಲೇಬೇಕಾದರೆ ತೆಗೆದ ಭಾಗಗಳನ್ನು ವಾಪಸ್ ಪಡೆಯಿರಿ.

ಕೊನೆಗೆ

ಹೇಳಿಕೆ: ಟೈಮ್‌ಗ್ರಾಫರ್ ‘0’ ತೋರಿಸಿದರೆ ವಾಚ್ ಹೊಸದರಂತಿದೆ.

ವಾಸ್ತವ: ದಾರಿ ತಪ್ಪಿಸುವ ಹೇಳಿಕೆ. ಆ ಅಂಕಿ ಕೆಲವು ಸೆಕೆಂಡುಗಳ, ಒಂದು ಭಂಗಿಯ ವೇಗವನ್ನಷ್ಟೇ ಹೇಳುತ್ತದೆ. ಮೂರೂ ಅಂಕಿಗಳನ್ನು, ಒಂದಕ್ಕಿಂತ ಹೆಚ್ಚು ಭಂಗಿಗಳಲ್ಲಿ ನೋಡಿದರೆ ಮಾತ್ರ ವಾಚಿನ ಆರೋಗ್ಯ ತಿಳಿಯುತ್ತದೆ. ಮಷಿನ್ ಇಲ್ಲದಿದ್ದರೆ ಏಳು ದಿನದ ಪಟ್ಟಿ ಸಾಕಷ್ಟು ಹೇಳುತ್ತದೆ. ಮುಂದಿನ ಬಾರಿ ‘0 ಸೆಕೆಂಡು’ ಫೋಟೋ ಗ್ರೂಪಿಗೆ ಬಂದಾಗ ಫಾರ್ವರ್ಡ್ ಮಾಡುವ ಮೊದಲು ಒಂದೇ ಪ್ರಶ್ನೆ ಹಾಕಿ: ‘ಉಳಿದ ಎರಡು ಅಂಕಿ ಎಷ್ಟು?’